ಕಿವುಡ ಮಕ್ಕಳ ಶಾಲೆ: ಪ್ಯಾರಿಸಿನಿಂದ ಸ್ಟರ್ಜಿಸ್‌ವರೆಗೆ

ಜನವರಿ 24ರಂದು ಧರ್ಮಸಭೆ ಸಂತ ಫ್ರಾನ್ಸಿಸ್ ದೆ ಸಾಲೆಸರ ಹಬ್ಬವನ್ನು ಆಚರಿಸುತ್ತದೆ. ಅವರು ಬರಹಗಾರರ ಮತ್ತು ಪತ್ರಕರ್ತರ ಪಾಲಕ ಸಂತರೆಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆ ದಿನದ ಪ್ರಬೋಧನೆಗಳಲ್ಲಿ ಅವರ ಸೌಮ್ಯ ಸ್ವಭಾವ, ಅವರು ಬರೆದ ಗ್ರಂಥಗಳು, ಮನೆಮನೆಗೆ ಅವರು ಹಂಚಿದ ಕರಪತ್ರಗಳು ಇವೆಲ್ಲ ಪ್ರಸ್ತಾಪಕ್ಕೆ ಬರುತ್ತವೆ. ಅವರು ಕಿವುಡರ ಪಾಲಕ ಸಂತರೂ ಹೌದು ಎಂಬ ವಿಷಯ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅವರಿಗೆ ಮಾರ್ಟಿನ್ ಎಂಬ ಕಿವುಡ ತರುಣನ ಪರಿಚಯವಾಯಿತು. ಅವನಿಗೆ ಮಾತೂ ಇರಲಿಲ್ಲ, ಧರ್ಮೋಪದೇಶವೂ ಇರಲಿಲ್ಲ. ಧರ್ಮಾಧ್ಯಕ್ಷರು ತಾವೇ ಕುಳಿತು ಕೈಸನ್ನೆಗಳಿಂದ ಅವನಿಗೆ ಕಲಿಸಿದರು, ಪರಮಪ್ರಸಾದಕ್ಕೆ ಸಿದ್ಧಗೊಳಿಸಿದರು, ತಮ್ಮ ಮನೆಯಲ್ಲೇ ಇಟ್ಟುಕೊಂಡರು.

ಇಂದು ಇದು ನಮಗೆ ದೊಡ್ಡ ವಿಷಯವಾಗಿ ಕಾಣದಿರಬಹುದು. ಆದರೆ ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ವಿಶ್ವಾಸವನ್ನೂ ಶ್ರವಣವನ್ನೂ ಜೋಡಿಸಿ ಹೇಳಿದ್ದನ್ನು ಅಕ್ಷರಶಃ ಹಿಡಿದುಕೊಂಡು, ಕಿವಿ ಕೇಳದವನಿಗೆ ವಿಶ್ವಾಸದ ಬಾಗಿಲೇ ಮುಚ್ಚಿದೆ ಎಂದು ತಿಳಿದವರು ಆಗ ಇದ್ದರು. ನಮ್ಮ ಗಾದೆಗಳಾದರೂ ಏನು ಹೇಳುತ್ತವೆ? ಕಿವುಡನ ಮುಂದೆ ಶಂಖ ಊದಿದ ಹಾಗೆ, ಮೂಗ ಕಂಡ ಕನಸಿನ ಹಾಗೆ. ಕಿವುಡನ ಒಳಗೆ ಏನೂ ಹೋಗುವುದಿಲ್ಲ, ಮೂಗನ ಒಳಗಿಂದ ಏನೂ ಬರುವುದಿಲ್ಲ ಎಂಬುದೇ ಎರಡರ ಅರ್ಥ. ಹೋಗುವ ದಾರಿ ಬೇರೆ ಇದೆ, ಬರುವ ದಾರಿಯೂ ಬೇರೆ ಇದೆ ಎಂದು ಲೋಕಕ್ಕೆ ತೋರಿಸಿಕೊಟ್ಟವರ ಕಥೆ ಇದು. ಆ ದಾರಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿದವರೂ ಈ ಕಥೆಯಲ್ಲಿದ್ದಾರೆ, ಅವರಲ್ಲಿ ನಮ್ಮ ಯಾಜಕರೂ ಇದ್ದಾರೆ.

ಕಿವುಡರಿಗೆ ಮೊದಲು ಶಿಕ್ಷಣ ಕೊಟ್ಟವರು ಯಾರೆಂದರೆ ಸಾಮಾನ್ಯವಾಗಿ ಸ್ಪೇನಿನ ಬೆನೆಡಿಕ್ಟಿನ್ ಸನ್ಯಾಸಿ ಪೇದ್ರೊ ಪೊನ್ಸೆ ದೆ ಲಿಯೋನ್ ಅವರ ಹೆಸರು ಬರುತ್ತದೆ. ಹದಿನಾರನೆಯ ಶತಮಾನದಲ್ಲಿ ಅವರು ಕಲಿಸಿದ್ದು ಶ್ರೀಮಂತ ಮನೆತನಗಳ ಕಿವುಡ ಮಕ್ಕಳಿಗೆ. ಬಡವರ ಮನೆಯ ಮಗು ಶಾಲೆಯ ಮೆಟ್ಟಿಲು ಹತ್ತಲು ಇನ್ನೂ ಇನ್ನೂರು ವರ್ಷ ಕಾಯಬೇಕಾಯಿತು.

ಆ ಮೆಟ್ಟಿಲು ಕಟ್ಟಿದವರು ಷಾರ್ಲ್ ಮಿಷೆಲ್ ದ ಲೇಪೆ. 1712ರಲ್ಲಿ ವರ್ಸೇಲ್ಸಿನಲ್ಲಿ ಹುಟ್ಟಿದ ಇವರಿಗೆ ಯಾಜಕರಾಗುವ ಹಾದಿ ಸುಗಮವಾಗಿರಲಿಲ್ಲ. ಯಾನ್ಸೆನಿಸ್ಟ್ ಪಂಥದ ವಿರುದ್ಧದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲವೆಂದು ತಡೆಹಿಡಿಯಲಾಯಿತು, ನಡುವೆ ಕಾನೂನು ಓದಿದರು. ಯಾಜಕ ದೀಕ್ಷೆಯಾದ ಮೇಲೂ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಅವರಿಗೆ ಪಾಪನಿವೇದನೆ ಕೇಳುವ ಅಧಿಕಾರ ಕೊಡಲಿಲ್ಲ. ಒಬ್ಬ ಯಾಜಕನಿಗೆ ಇದಕ್ಕಿಂತ ದೊಡ್ಡ ನೋವು ಯಾವುದಿದ್ದೀತು! ಜನರ ಪಾಪನಿವೇದನೆ ಕೇಳುವ ಹಾಗಿಲ್ಲದ ಈ ಗುರುಗಳು, 1760ರ ಆಸುಪಾಸಿನಲ್ಲಿ ಪ್ಯಾರಿಸಿನ ಒಂದು ಮನೆಗೆ ಹೋದಾಗ ಇಬ್ಬರು ಅವಳಿ ಹೆಣ್ಣುಮಕ್ಕಳು ಹೊಲಿಗೆ ಹಿಡಿದು ಕುಳಿತಿದ್ದರು. ಮಾತಾಡಿಸಿದರೆ ತಲೆ ಎತ್ತಲಿಲ್ಲ. ತಾಯಿ ಬಂದ ಮೇಲೆ ತಿಳಿಯಿತು, ಇಬ್ಬರಿಗೂ ಕಿವಿ ಕೇಳದು. ವಾನ್ಯಾಂ ಎಂಬ ಗುರುಗಳೊಬ್ಬರು ಸಂತರ ಚಿತ್ರಪಟಗಳನ್ನು ತೋರಿಸಿ ಅವರಿಗೆ ಧರ್ಮೋಪದೇಶ ಕಲಿಸುತ್ತಿದ್ದರಂತೆ, ಅವರು ತೀರಿಕೊಂಡಿದ್ದರು. ಈ ಮಕ್ಕಳು ದೇವರನ್ನು ಅರಿಯದೆ ಸಾಯುತ್ತಾರಲ್ಲಾ ಎಂಬ ಚಿಂತೆಯೊಂದೇ ದ ಲೇಪೆಯವರನ್ನು ಗುರುವನ್ನಾಗಿ ಮಾಡಿತು.

ಅವರು ಸಂಜ್ಞಾ ಭಾಷೆಯನ್ನು ಕಂಡುಹಿಡಿದರು ಎಂದು ಕೆಲವು ಪುಸ್ತಕಗಳಲ್ಲಿ ಓದುತ್ತೇವೆ. ಅದು ಸರಿಯಲ್ಲ. ಆ ಅಕ್ಕತಂಗಿಯರ ನಡುವೆ, ಪ್ಯಾರಿಸಿನ ಕಿವುಡರ ನಡುವೆ ಕೈಸನ್ನೆಗಳು ಆಗಲೇ ಇದ್ದವು. ದ ಲೇಪೆಯವರು ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ: ಕಲಿಸಲು ಬಂದ ಗುರು ಮೊದಲು ಕಲಿಯಲು ಕುಳಿತರು. ಮಕ್ಕಳ ಸನ್ನೆಗಳನ್ನು ಕಲಿತು, ಅವಕ್ಕೆ ಫ್ರೆಂಚ್ ವ್ಯಾಕರಣದ ಪ್ರತ್ಯಯಗಳನ್ನು ಸೂಚಿಸುವ ಸನ್ನೆಗಳನ್ನು ತಾವೇ ಸೇರಿಸಿ, ಓದು ಬರಹದ ಕಡೆಗೆ ಸೇತುವೆ ಕಟ್ಟಿದರು. ಈ ವ್ಯಾಕರಣದ ಸನ್ನೆಗಳು ಬಹಳ ಭಾರವಾದವು, ಮುಂದೆ ಕಿವುಡರೇ ಅವನ್ನು ಬಿಟ್ಟರು, ಅದು ಬೇರೆ ಮಾತು. ಆದರೆ ತಮ್ಮ ಮನೆಯಲ್ಲೇ ಅವರು ತೆರೆದ ಶಾಲೆ ಎಲ್ಲರಿಗೂ ಉಚಿತವಾಗಿತ್ತು. ಪಿತ್ರಾರ್ಜಿತ ಆಸ್ತಿ ಅದಕ್ಕೇ ಕರಗಿತು. 1771ರಿಂದ ಸಾರ್ವಜನಿಕರ ಮುಂದೆ ಮಕ್ಕಳ ಪಾಠ ಪ್ರದರ್ಶನಗಳನ್ನು ನಡೆಸಿದರು. ತಮ್ಮ ವಿಧಾನವನ್ನು ಗುಟ್ಟು ಮಾಡದೆ ಪುಸ್ತಕ ಬರೆದು 1776ರಲ್ಲಿ ಪ್ರಕಟಿಸಿದರು. ಬೇರೆ ದೇಶಗಳಿಂದ ಬಂದ ಗುರುಗಳಿಗೆಲ್ಲ ಕಲಿಸಿ ಕಳುಹಿಸಿದರು. 1789ರ ಡಿಸೆಂಬರ್ 23ರಂದು, ಕ್ರಿಸ್ಮಸ್ಸಿಗೆ ಎರಡು ದಿನ ಮೊದಲು, ಕ್ರಾಂತಿಯ ಗದ್ದಲದ ನಡುವೆ ಅವರು ತೀರಿಕೊಂಡರು. ಎರಡು ವರ್ಷ ಕಳೆದು 1791ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಆ ಶಾಲೆಯ ಖರ್ಚನ್ನು ಸರ್ಕಾರವೇ ಹೊರಬೇಕೆಂದು ತೀರ್ಮಾನಿಸಿತು. ಒಬ್ಬ ಯಾಜಕರ ಮನೆಯ ಶಾಲೆ ಹೀಗೆ ಸರ್ಕಾರಿ ಶಾಲೆಯಾಯಿತು.

ಅವರ ನಂತರ ಬಂದವರು ಸಿಕಾರ್ ಗುರುಗಳು. 1792ರಲ್ಲಿ ಕ್ರಾಂತಿಕಾರಿಗಳು ಅವರನ್ನು ಸೆರೆಹಿಡಿದಾಗ, ಅವರ ಕಿವುಡ ಶಿಷ್ಯ ಜಾನ್ ಮಾಸ್ಯೂ ಗುರುವನ್ನು ಬಿಟ್ಟುಕೊಡಿರೆಂದು ರಾಷ್ಟ್ರೀಯ ಸಭೆಗೆ ಮನವಿ ಬರೆದು ಒಪ್ಪಿಸಿದ. ಅಕ್ಷರ ಕಲಿತ ಶಿಷ್ಯ ಅದೇ ಅಕ್ಷರದಿಂದ ಗುರುವಿನ ಪ್ರಾಣ ಕೇಳಿದ್ದನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಸೆರೆಮನೆಗಳಲ್ಲಿ ನಡೆದ ಕಗ್ಗೊಲೆಯಲ್ಲಿ ಎಷ್ಟೋ ಯಾಜಕರು ಸತ್ತರು, ಸಿಕಾರ್ ಕೂದಲೆಳೆಯಲ್ಲಿ ಪಾರಾದರು.

ಈ ಶಾಲೆಗೆ 1797ರಲ್ಲಿ ಲಾರೆಂಟ್ ಕ್ಲೆರ್ ಎಂಬ ಹನ್ನೆರಡು ವರ್ಷದ ಹುಡುಗ ಬಂದ. ಮಗುವಾಗಿದ್ದಾಗ ಒಲೆಯ ಬೆಂಕಿಗೆ ಬಿದ್ದು ಕೆನ್ನೆ ಸುಟ್ಟುಕೊಂಡಿದ್ದ, ಆ ಮಚ್ಚೆ ಕೊನೆಯವರೆಗೂ ಉಳಿಯಿತು. ಶಾಲೆಯ ಒಬ್ಬ ಉಪಾಧ್ಯಾಯರು ಅವನಿಗೆ ಉಚ್ಚಾರಣೆ ಕಲಿಸಲು ಹೋಗಿ, ಅಕ್ಷರ ಸರಿಯಾಗಿ ಹೊರಡಲಿಲ್ಲವೆಂದು ಗಲ್ಲಕ್ಕೆ ಹೊಡೆದರಂತೆ. ನಾಲಿಗೆ ಕಚ್ಚಿಕೊಂಡು ರಕ್ತ ಬಂತು. ಇನ್ನೆಂದೂ ಬಾಯಿಂದ ಮಾತು ಕಲಿಯಲಾರೆನೆಂದು ಆ ಹುಡುಗ ಅಂದೇ ನಿಶ್ಚಯಿಸಿದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಈ ಏಟನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ನೂರು ವರ್ಷ ಲಕ್ಷಾಂತರ ಮಕ್ಕಳು ಅದನ್ನು ಬೇರೆ ಬೇರೆ ರೂಪದಲ್ಲಿ ತಿಂದರು.

ಕಥೆ ಈಗ ಕಡಲು ದಾಟುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಮೇಸನ್ ಕಾಗ್ಸ್‌ವೆಲ್ ಎಂಬ ವೈದ್ಯರಿದ್ದರು. ಅವರ ಮಗಳು ಆಲಿಸ್‌ಗೆ ಕಿವಿ ಕೇಳುತ್ತಿರಲಿಲ್ಲ. ಪಕ್ಕದ ಮನೆಗೆ ರಜೆಯಲ್ಲಿ ಬಂದಿದ್ದ ಥಾಮಸ್ ಗ್ಯಾಲೊಡೆಟ್ ಎಂಬ ಪ್ರೊಟೆಸ್ಟೆಂಟ್ ದೈವಶಾಸ್ತ್ರ ವಿದ್ಯಾರ್ಥಿ, ಮಕ್ಕಳ ಆಟದಿಂದ ಹೊರಗುಳಿದಿದ್ದ ಈ ಹುಡುಗಿಯನ್ನು ಗಮನಿಸಿದ. ಊರವರು ಚಂದಾ ಎತ್ತಿ 1815ರಲ್ಲಿ ಅವನನ್ನು ಯುರೋಪಿಗೆ ಕಳುಹಿಸಿದರು, ಹೇಗೆ ಕಲಿಸುವುದೆಂದು ತಿಳಿದು ಬಾ ಎಂದು. ಬ್ರಿಟನ್ನಿನಲ್ಲಿ ಕಿವುಡರ ಶಾಲೆಗಳು ಬ್ರೈಡ್‌ವುಡ್ ಮನೆತನದ ಹಿಡಿತದಲ್ಲಿದ್ದವು. ವಿದ್ಯೆ ಅವರ ಪಾಲಿಗೆ ವ್ಯಾಪಾರದ ಗುಟ್ಟು, ಕೇಳಿದ ಕೂಡಲೇ ಕೊಡುವಂಥದ್ದಲ್ಲ. ಬರಿಗೈಯಲ್ಲಿ ಅಲೆಯುತ್ತಿದ್ದ ಗ್ಯಾಲೊಡೆಟ್‌ಗೆ ಲಂಡನ್ನಿನಲ್ಲಿ ಸಿಕಾರ್ ಗುರುಗಳೂ ಅವರ ಕಿವುಡ ಶಿಷ್ಯರಾದ ಮಾಸ್ಯೂ, ಕ್ಲೆರ್ ಇಬ್ಬರೂ ಸಿಕ್ಕರು. ಪ್ಯಾರಿಸಿಗೆ ಬಾ, ಎಲ್ಲವನ್ನೂ ಕಲಿಸುತ್ತೇವೆ ಎಂದರು. ದ ಲೇಪೆಯವರು ಗುಟ್ಟು ಇಟ್ಟುಕೊಳ್ಳದಿದ್ದುದರ ಫಲ ಇದು.

1816ರ ಜೂನಿನಲ್ಲಿ ಗ್ಯಾಲೊಡೆಟ್ ಮತ್ತು ಕ್ಲೆರ್ ಒಟ್ಟಿಗೆ ಹಡಗು ಹತ್ತಿದರು. ಪ್ರಯಾಣ 52 ದಿನ ಹಿಡಿಯಿತು. ಆ ದಿನಗಳಲ್ಲಿ ಕ್ಲೆರ್ ಗ್ಯಾಲೊಡೆಟ್‌ನಿಂದ ಇಂಗ್ಲಿಷ್ ಕಲಿತ, ಗ್ಯಾಲೊಡೆಟ್ ಕ್ಲೆರ್‌ನಿಂದ ಸಂಜ್ಞೆಗಳನ್ನು ಕಲಿತ. ಹೊರಡುವ ಮುಂಚೆ ಇಬ್ಬರ ನಡುವೆ ಆದ ಕರಾರುಪತ್ರದಲ್ಲಿ ಒಂದು ಷರತ್ತಿತ್ತು: ಕ್ಲೆರ್ ಕಥೋಲಿಕನಾಗಿರುವುದರಿಂದ ತನ್ನ ಧರ್ಮಕ್ಕೆ ವಿರುದ್ಧವಾದುದನ್ನು ಕಲಿಸುವಂತೆ ಅವನನ್ನು ಒತ್ತಾಯಿಸಕೂಡದು. (ಮುಂದೆ ಅಮೆರಿಕದಲ್ಲೇ ಮದುವೆಯಾಗಿ ನೆಲೆಸಿದ ಅವನ ಮಗ ಎಪಿಸ್ಕೋಪಲ್ ಸಭೆಯ ಪಾದ್ರಿಯಾದ. ಕರಾರುಪತ್ರಗಳು ಅಷ್ಟು ದೂರ ನಡೆಯುವುದಿಲ್ಲ!) 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ ಏಳು ಮಂದಿ ವಿದ್ಯಾರ್ಥಿಗಳೊಂದಿಗೆ ಶಾಲೆ ಆರಂಭವಾಯಿತು. ಅವರಲ್ಲಿ ಆಲಿಸ್ ಒಬ್ಬಳು.

ಈ ಶಾಲೆಯ ಹಣದ ವಿಷಯವನ್ನು ಸ್ವಲ್ಪ ಹೇಳಬೇಕು. ಕನೆಕ್ಟಿಕಟ್ ರಾಜ್ಯ 5,000 ಡಾಲರ್ ಕೊಟ್ಟಿತು. 1818ರಲ್ಲಿ ಕ್ಲೆರ್ ವಾಷಿಂಗ್ಟನ್ನಿಗೆ ಹೋಗಿ ಪ್ರತಿನಿಧಿ ಸಭೆಯ ಸ್ಪೀಕರ್ ಹೆನ್ರಿ ಕ್ಲೇ ಅವರ ಪಕ್ಕದಲ್ಲಿ ಕುಳಿತು ಬಂದ, ಮರುವರ್ಷ ಕಾಂಗ್ರೆಸ್ ಶಾಲೆಗೆ 23,000 ಎಕರೆ ಸರ್ಕಾರಿ ಜಮೀನು ಮಂಜೂರು ಮಾಡಿತು. ನೆರೆಯ ಮ್ಯಾಸಚೂಸೆಟ್ಸ್ ತನ್ನ ಬಡ ಕಿವುಡ ಮಕ್ಕಳ ಶುಲ್ಕ ಕಟ್ಟಿ ಕಳುಹಿಸಲಾರಂಭಿಸಿತು. 1823ರಲ್ಲಿ ಕೆಂಟಕಿ ರಾಜ್ಯ ತನ್ನದೇ ಶಾಲೆ ತೆರೆಯಿತು. ಹೀಗೆ ಒಂದೊಂದೇ ರಾಜ್ಯ ಕಿವುಡ ಮಗುವಿನ ವಿದ್ಯೆಯನ್ನು ಭಿಕ್ಷೆಯ ಖಾತೆಯಿಂದ ತೆಗೆದು ಖಜಾನೆಯ ಖಾತೆಗೆ ಹಾಕಿತು. ನಮ್ಮ ಕನ್ಯಾಸ್ತ್ರೀಯರೂ ಹಿಂದೆ ಬೀಳಲಿಲ್ಲ. 1837ರಲ್ಲಿ ಸಂತ ಜೋಸೆಫರ ಸಭೆಯ ಭಗಿನಿಯರು ಫ್ರಾನ್ಸಿನಲ್ಲಿ ಸಂಜ್ಞೆಗಳನ್ನು ಕಲಿತು ಬಂದು ಸೇಂಟ್ ಲೂಯಿಸ್‌ನಲ್ಲಿ ಶಾಲೆ ನಡೆಸಿದರು.

ಹಾರ್ಟ್‌ಫರ್ಡ್ ಮಾದರಿಯ ಶಾಲೆಗಳು ವಸತಿಶಾಲೆಗಳು. ಮಗು ಆರೇಳು ವರ್ಷಕ್ಕೆ ಅಪ್ಪ ಅಮ್ಮನನ್ನು ಬಿಟ್ಟು ಹೋಗಬೇಕು, ಅದು ಸಣ್ಣ ತ್ಯಾಗವಲ್ಲ. ಆದರೆ ಅಲ್ಲಿ ಊಟದ ಮನೆಯಲ್ಲಿ, ಆಟದ ಬಯಲಲ್ಲಿ, ಮಲಗುವ ಕೋಣೆಯಲ್ಲಿ ಎಲ್ಲರ ಕೈಗಳೂ ಮಾತಾಡುತ್ತಿದ್ದವು. ಫ್ರಾನ್ಸಿನಿಂದ ಬಂದ ಸಂಜ್ಞೆಗಳು ಮಕ್ಕಳು ಮನೆಗಳಿಂದ ತಂದ ಸನ್ನೆಗಳೊಂದಿಗೆ ಬೆರೆತು ಅಮೆರಿಕನ್ ಸಂಜ್ಞಾ ಭಾಷೆ ಹುಟ್ಟಿತು. ಬ್ರಿಟನ್, ಅಮೆರಿಕ ಎರಡೂ ಕಡೆ ಕೇಳುವವರ ಮಾತು ಇಂಗ್ಲಿಷೇ. ಆದರೆ ಅಮೆರಿಕದ ಕಿವುಡನ ಭಾಷೆಗೆ ನಂಟು ಫ್ರಾನ್ಸಿನ ಕಿವುಡನ ಭಾಷೆಯೊಂದಿಗೆ, ಬ್ರಿಟನ್ನಿನವನ ಭಾಷೆ ಬೇರೆಯೇ. ಕಲಿತವರು ಕಲಿಸುವವರಾದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಶಾಲೆಗಳ ಉಪಾಧ್ಯಾಯರಲ್ಲಿ ಸುಮಾರು ಶೇಕಡಾ 40 ಮಂದಿ ತಾವೇ ಕಿವುಡರಾಗಿದ್ದರು. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿ ವಾಷಿಂಗ್ಟನ್ನಿನಲ್ಲಿ ಕಿವುಡರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ನೀಡಿದರು. ಅದೇ ಇಂದಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯ.

ದಿನವೂ ಮನೆಯಿಂದ ಹೋಗಿಬರುವ ಸರ್ಕಾರಿ ಶಾಲೆ ಕಿವುಡ ಮಕ್ಕಳಿಗೆ ತೆರೆದದ್ದು 1869ರಲ್ಲಿ, ಬಾಸ್ಟನ್ನಿನಲ್ಲಿ. ಮುಂದೆ ಅದಕ್ಕೆ ಹೊರೇಸ್ ಮ್ಯಾನ್ ಶಾಲೆಯೆಂದು ಹೆಸರಾಯಿತು. ಸಂಜೆ ಮಗು ತಾಯಿಯ ಮಡಿಲಿಗೆ ಮರಳುವುದು ಎಷ್ಟು ಒಳ್ಳೆಯದು! ಆದರೆ ಇಲ್ಲಿ ಕಲಿಸಿದ್ದು ಬಾಯಿಮಾತನ್ನು, ಕೈಸನ್ನೆಗೆ ಜಾಗವಿರಲಿಲ್ಲ. 1871ರಲ್ಲಿ ಇಲ್ಲಿನ ಶಿಕ್ಷಕಿಯರಿಗೆ ಉಚ್ಚಾರಣೆಯ ತರಬೇತಿ ಕೊಡಲು ಬಂದ ತರುಣ ಅಲೆಕ್ಸಾಂಡರ್ ಗ್ರಹಾಂ ಬೆಲ್. ಟೆಲಿಫೋನಿನ ಬೆಲ್ ಎಂದೇ ನಾವು ಅವರನ್ನು ಬಲ್ಲೆವು, ಆದರೆ ಅವರು ತಮ್ಮನ್ನು ಕಿವುಡರ ಶಿಕ್ಷಕನೆಂದೇ ತಿಳಿದಿದ್ದರು. ಅವರ ತಾಯಿಗೆ ಕಿವಿ ಮಂದ, ಹೆಂಡತಿಗೆ ಕಿವಿ ಕೇಳದು. ಅವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಅದೇ ಬೆಲ್ 1883ರಲ್ಲಿ ಕಿವುಡರು ಕಿವುಡರನ್ನೇ ಮದುವೆಯಾದರೆ ಕಿವುಡರದ್ದೇ ಒಂದು ಜನಾಂಗ ಬೆಳೆದೀತೆಂದು ವಿಜ್ಞಾನಿಗಳ ಸಭೆಯಲ್ಲಿ ಪ್ರಬಂಧ ಓದಿದರು. ಅದಕ್ಕೆ ಕಾರಣಗಳಲ್ಲಿ ವಸತಿಶಾಲೆಗಳನ್ನೂ ಸಂಜ್ಞಾ ಭಾಷೆಯನ್ನೂ ಕಿವುಡ ಉಪಾಧ್ಯಾಯರನ್ನೂ ಹೆಸರಿಸಿದರು. ಪ್ರೀತಿ ಇದ್ದವರ ಕೈಯಿಂದಲೇ ಆಗುವ ಅನ್ಯಾಯವನ್ನು ಗುರುತಿಸುವುದು ಕಷ್ಟ.

ಇದಕ್ಕೂ ಮೂರು ವರ್ಷ ಮೊದಲು ಇಟಲಿಯಲ್ಲಿ ದೊಡ್ಡ ಪೆಟ್ಟು ಬಿದ್ದಾಗಿತ್ತು. 1880ರ ಸೆಪ್ಟೆಂಬರ್ 6ರಿಂದ 11ರವರೆಗೆ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಂದವರು 164 ಮಂದಿ, ಬಹುಪಾಲು ಇಟಲಿ ಮತ್ತು ಫ್ರಾನ್ಸಿನವರು. ಅವರಲ್ಲಿ ಕಿವುಡ ಪ್ರತಿನಿಧಿ ಒಬ್ಬನೇ ಒಬ್ಬ. ಅಧ್ಯಕ್ಷತೆ ವಹಿಸಿದವರು ಜೂಲಿಯೊ ತಾರ್ರಾ, ಮಿಲಾನಿನ ಬಡ ಕಿವುಡ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದ ಕಥೋಲಿಕ ಯಾಜಕರು. ಸಂಜ್ಞೆ ಕಲ್ಪನೆಯನ್ನು ಕೆರಳಿಸುತ್ತದೆ, ಮಾತು ಮಾತ್ರ ಮನಸ್ಸನ್ನು ಮೇಲೆತ್ತುತ್ತದೆ ಎಂಬುದು ಅವರ ವಾದ. ಶಾಲೆಗಳಲ್ಲಿ ಬಾಯಿಮಾತಿನ ವಿಧಾನವೇ ಇರತಕ್ಕದ್ದೆಂಬ ನಿರ್ಣಯ 160ಕ್ಕೆ 4 ಮತಗಳಿಂದ ಪಾಸಾಯಿತು. ವಿರೋಧಿಸಿದವರಲ್ಲಿ ಥಾಮಸ್ ಗ್ಯಾಲೊಡೆಟ್ ಅವರ ಮಗನಿದ್ದ.

ಹೀಗೆ ಒಬ್ಬ ಯಾಜಕರು ಕಿವುಡರ ಕೈಯಲ್ಲಿ ಕಂಡ ಭಾಷೆಯನ್ನು, ನೂರಿಪ್ಪತ್ತು ವರ್ಷ ಕಳೆದು ಇನ್ನೊಬ್ಬ ಯಾಜಕರ ಅಧ್ಯಕ್ಷತೆಯಲ್ಲಿ ತರಗತಿಯಿಂದ ಹೊರಹಾಕಲಾಯಿತು. ಮೊದಲನೆಯವರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಎರಡನೆಯವರ ಹೆಸರನ್ನು ಹೇಳದೆ ಬಿಟ್ಟರೆ ಅದು ಇತಿಹಾಸವಾಗುವುದಿಲ್ಲ.

ಬಾಯಿಮಾತಿನ ವಿಧಾನವೆಂದರೆ ಏನು? ಮಗು ಉಪಾಧ್ಯಾಯರ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು, ತನಗೇ ಕೇಳದ ಸ್ವರವನ್ನು ಗಂಟಲಿನ ಕಂಪನ ಮುಟ್ಟಿ ಮುಟ್ಟಿ ಹೊರಡಿಸಬೇಕು. ಇದರ ಕಷ್ಟ ತಿಳಿಯಬೇಕಾದರೆ ಓದುಗರು ಇಂದು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು, ಸ್ವರ ಹೊರಡಿಸದೆ, ಮರ, ಬರ, ಪರ ಎಂಬ ಮೂರು ಶಬ್ದಗಳನ್ನು ಹೇಳಿ ನೋಡಲಿ. ತುಟಿಯ ಚಲನೆ ಮೂರಕ್ಕೂ ಒಂದೇ. ಇನ್ನು ಕ, ಗ, ಹ ಇವು ತುಟಿಗೆ ಬರುವುದೇ ಇಲ್ಲ. ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡವರಿಗೆ, ಸ್ವಲ್ಪ ಕೇಳಿಸುವವರಿಗೆ ಈ ವಿಧಾನದಿಂದ ಪ್ರಯೋಜನವಾಗಿದೆ, ಅದನ್ನು ಅಲ್ಲಗಳೆಯಬಾರದು. ಹುಟ್ಟಿನಿಂದ ಏನೂ ಕೇಳದ ಮಗುವಿಗಾದರೋ ಗಣಿತ, ಚರಿತ್ರೆ, ಧರ್ಮೋಪದೇಶ ಕಲಿಯಬೇಕಾದ ವರ್ಷಗಳು ಒಂದೊಂದು ಅಕ್ಷರದ ಉಚ್ಚಾರಣೆಯಲ್ಲೇ ಕಳೆದವು. ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು, ಕೈಕಟ್ಟಿ ಕೂರಿಸಿದರು. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಕಿವುಡ ಉಪಾಧ್ಯಾಯರ ಪ್ರಮಾಣ ಸುಮಾರು ಶೇಕಡಾ 15ಕ್ಕೆ ಇಳಿದಿತ್ತು. ಮಕ್ಕಳು ರಾತ್ರಿ ಮಲಗುವ ಕೋಣೆಗಳಲ್ಲಿ ಕದ್ದು ಸನ್ನೆ ಮಾಡಿದರು, ಭಾಷೆ ಉಳಿದದ್ದು ಹಾಗೆ.

ನಮ್ಮ ದೇಶದ ಕಥೆಯೂ ಇದೇ ಗಾಳಿಯಲ್ಲಿ ಆರಂಭವಾಯಿತು. 1880ರ ದಶಕದಲ್ಲಿ ಮುಂಬಯಿಯ ಧರ್ಮಾಧ್ಯಕ್ಷರಾಗಿದ್ದ ಯೇಸುಸಭೆಯ ಲಿಯೋ ಮ್ಯೂರಿನ್ ಅವರ ಪ್ರಯತ್ನದಿಂದ ಭಾರತದ ಮೊದಲ ಕಿವುಡರ ಶಾಲೆ ಅಲ್ಲಿ ತೆರೆಯಿತು. ಮಿಲಾನಿನ ನಿರ್ಣಯದ ಬಿಸಿ ಆರದ ಕಾಲ, ಅಲ್ಲಿಯೂ ಬಾಯಿಮಾತಿನ ವಿಧಾನವೇ ನಡೆಯಿತು. 1901ರಲ್ಲಿ ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಸ್ಥಾಪನೆಯಾಯಿತು. ಅದೇ ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಭಾರತೀಯ ಸಂಜ್ಞಾ ಭಾಷೆಗೆಂದೇ ಕೇಂದ್ರ ಸರ್ಕಾರದ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಆದದ್ದು 2015ರಲ್ಲಿ. ಇದು ಇನ್ನೊಂದು ಲೇಖನದ ವಿಷಯ.

ಅಮೆರಿಕಕ್ಕೆ ಮರಳೋಣ. 1950ರ ಸುಮಾರಿಗೆ ಅಲ್ಲಿನ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕಿವುಡರ ಕಾಲೇಜಿನ ಆವರಣದಲ್ಲೇ ಮಕ್ಕಳ ಶಾಲೆಯಿತ್ತು, ಆದರೆ ಕರಿಯರ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರು ಪಕ್ಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಬೇಕಿತ್ತು. ಲೂಯಿಸ್ ಮಿಲ್ಲರ್ ಎಂಬ ತಾಯಿ ನ್ಯಾಯಾಲಯಕ್ಕೆ ಹೋಗಿ 1952ರಲ್ಲಿ ಗೆದ್ದರು. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸಬಾರದೆಂಬ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪಿಗೆ ಇನ್ನೂ ಎರಡು ವರ್ಷ ಇತ್ತು.

1960ರಲ್ಲಿ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ವಿಲಿಯಂ ಸ್ಟೋಕಿ ಎಂಬ ಕೇಳುವ ಪ್ರಾಧ್ಯಾಪಕರು, ತಮ್ಮ ವಿದ್ಯಾರ್ಥಿಗಳು ಮಾಡುತ್ತಿರುವುದು ಮುರುಕು ಇಂಗ್ಲಿಷಲ್ಲ, ಸ್ವಂತ ವ್ಯಾಕರಣವುಳ್ಳ ಪೂರ್ಣ ಭಾಷೆ ಎಂದು ಬರೆದರು. ಸಹೋದ್ಯೋಗಿಗಳೇ ಮೊದಲು ನಕ್ಕರು. 1965ರಲ್ಲಿ ಅವರೂ ಇಬ್ಬರು ಕಿವುಡ ಸಂಗಡಿಗರೂ ಸೇರಿ ನಿಘಂಟು ತಂದ ಮೇಲೆ ನಗು ನಿಂತಿತು. ಆ ಹೊತ್ತಿಗೇ ಇನ್ನೊಂದು ವಿಪತ್ತು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಎಂಬ ಸೋಂಕು ಹಬ್ಬಿತು. ಗರ್ಭಿಣಿಯರಿಗೆ ತಗಲಿದ ಈ ಸೋಂಕಿನಿಂದ ಸುಮಾರು 20,000 ಶಿಶುಗಳು ನಾನಾ ದೋಷಗಳೊಂದಿಗೆ ಹುಟ್ಟಿದವು, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಕಿವಿ ಕೇಳುತ್ತಿರಲಿಲ್ಲ. ಈ ಮಕ್ಕಳು ಶಾಲೆಗೆ ಬರುವ ವಯಸ್ಸಾದಾಗ ಇದ್ದ ವಸತಿಶಾಲೆಗಳು ಸಾಲದಾದವು.

1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯಿದೆ ಈ ಇತಿಹಾಸದ ದೊಡ್ಡ ತಿರುವು. ಅಂಗವೈಕಲ್ಯವಿರುವ ಪ್ರತಿಯೊಂದು ಮಗುವಿಗೂ ಉಚಿತವಾದ, ಅದಕ್ಕೆ ತಕ್ಕುದಾದ ಶಿಕ್ಷಣವನ್ನು ಸರ್ಕಾರಿ ಶಾಲೆ ಕೊಡಲೇಬೇಕು ಎಂದಿತು ಆ ಕಾಯಿದೆ. ಹತ್ತು ಲಕ್ಷ ಮಕ್ಕಳು ಶಾಲೆಯ ಹೊರಗೇ ಇದ್ದಾರೆಂದು ಕಾಂಗ್ರೆಸ್ ಅದರಲ್ಲೇ ದಾಖಲಿಸಿತು. ಕಾಯಿದೆ ಹೇಗೆ ನಡೆಯುತ್ತದೆಂದರೆ, ವರ್ಷಕ್ಕೊಮ್ಮೆ ಶಿಕ್ಷಕರು, ಶಾಲೆಯ ಅಧಿಕಾರಿಗಳು ಮತ್ತು ತಂದೆತಾಯಿ ಒಂದೇ ಮೇಜಿನ ಸುತ್ತ ಕುಳಿತು ಆ ಒಂದು ಮಗುವಿಗಾಗಿ ಬರಹದಲ್ಲಿ ಯೋಜನೆ ಮಾಡಬೇಕು. ಶ್ರವಣಯಂತ್ರ ಬೇಕೇ, ಉಪಾಧ್ಯಾಯರ ಮೈಕಿನಿಂದ ನೇರ ಮಗುವಿನ ಕಿವಿಗೆ ಸ್ವರ ತಲುಪಿಸುವ ಸಾಧನ ಬೇಕೇ, ವಾರಕ್ಕೆ ಕೆಲವು ದಿನ ಶಾಲೆಯಿಂದ ಶಾಲೆಗೆ ಸಂಚರಿಸುವ ವಿಶೇಷ ಶಿಕ್ಷಕಿ ಸಾಕೇ, ಇಡೀ ದಿನ ಪಕ್ಕದಲ್ಲಿ ನಿಂತು ಸಂಜ್ಞೆಯಲ್ಲಿ ಹೇಳುವ ದುಭಾಷಿ ಬೇಕೇ, ಎಲ್ಲವೂ ಆ ಕಾಗದದಲ್ಲಿ ಬರಬೇಕು. ಒಪ್ಪದಿದ್ದರೆ ತಂದೆತಾಯಿ ವಿಚಾರಣಾಧಿಕಾರಿಯ ಬಳಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗಬಹುದು. ಬಡ ತಾಯಿಯೊಬ್ಬಳಿಗೆ ಶಾಲೆಯ ಮೇಜಿನಲ್ಲಿ ಕುರ್ಚಿ ಸಿಕ್ಕಿದ್ದು ಸಾಮಾನ್ಯ ಸಂಗತಿಯೇನಲ್ಲ.

ಹಾಗೆ ನ್ಯಾಯಾಲಯಕ್ಕೆ ಹೋದವರಲ್ಲಿ ಸುಪ್ರೀಂ ಕೋರ್ಟಿನವರೆಗೆ ಮೊದಲು ತಲುಪಿದವಳು ಏಮಿ ರೌಲಿ. ನ್ಯೂಯಾರ್ಕ್ ರಾಜ್ಯದ ಪೀಕ್‌ಸ್ಕಿಲ್‌ನ ಸರ್ಕಾರಿ ಶಾಲೆಯ ಪುಟ್ಟ ಹುಡುಗಿ. ಅವಳ ಅಪ್ಪ ಅಮ್ಮ ಇಬ್ಬರೂ ಕಿವುಡರು. ಶಾಲೆಯವರು ಕೆಟ್ಟವರಲ್ಲ. ತಂದೆತಾಯಿಯೊಂದಿಗೆ ಮಾತಾಡಲೆಂದು ಕಚೇರಿಯಲ್ಲಿ ಟೈಪ್ ಮಾಡುವ ದೂರವಾಣಿ ಯಂತ್ರ ಇಡಿಸಿದರು, ಮಗುವಿಗೆ ಶ್ರವಣಸಾಧನ ಕೊಟ್ಟರು, ದಿನಕ್ಕೊಂದು ಗಂಟೆ ವಿಶೇಷ ಶಿಕ್ಷಕರನ್ನು ಕೊಟ್ಟರು, ವಾರಕ್ಕೆ ಮೂರು ಗಂಟೆ ವಾಕ್ ಚಿಕಿತ್ಸೆ ಕೊಟ್ಟರು. ಪೂರ್ತಿ ದಿನದ ದುಭಾಷಿಯನ್ನು ಮಾತ್ರ ಕೊಡಲಿಲ್ಲ. ಹುಡುಗಿ ಬುದ್ಧಿವಂತೆ, ತರಗತಿಯ ಸರಾಸರಿಗಿಂತ ಮುಂದೆಯೇ ಇದ್ದಳು. ಆದರೆ ದುಭಾಷಿಯಿಲ್ಲದೆ ಅವಳಿಗೆ ತಲುಪುತ್ತಿದ್ದುದು ತರಗತಿಯಲ್ಲಿ ಆಡಿದ ಮಾತಿನ ಶೇಕಡಾ 59 ಮಾತ್ರ ಎಂದು ಕೆಳಗಿನ ನ್ಯಾಯಾಲಯ ಗುರುತಿಸಿ ಅವಳ ಪರ ತೀರ್ಪು ಕೊಟ್ಟಿತು. ನೂರರಲ್ಲಿ 59 ಕೇಳಿಯೇ ಇಷ್ಟು ಅಂಕ ತೆಗೆಯುವ ಮಗು ನೂರೂ ಕೇಳಿದ್ದರೆ ಏನಾಗುತ್ತಿತ್ತು? ತಾಯಿಯ ಪ್ರಶ್ನೆ ಅಷ್ಟೇ.

1982ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವಳ ಪರ ವಾದಿಸಿದವರು ಮೈಕೆಲ್ ಷಾಟಾಫ್, ಸ್ವತಃ ಕಿವುಡರಾದ ವಕೀಲರು. ನ್ಯಾಯಮೂರ್ತಿಗಳ ಪ್ರಶ್ನೆಗಳು ಕಂಪ್ಯೂಟರ್ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತಿದ್ದವು, ಓದಿ ಉತ್ತರಿಸಿದರು. ಕಿವುಡ ವಕೀಲರೊಬ್ಬರು ಆ ನ್ಯಾಯಾಲಯದಲ್ಲಿ ನಿಂತು ವಾದಿಸಿದ್ದು ಅದೇ ಮೊದಲು. ಜೂನ್ 28ರಂದು ತೀರ್ಪು ಬಂತು, ಆರು ಮಂದಿ ವಿರುದ್ಧ, ಮೂರು ಮಂದಿ ಪರ. ಮಗುವಿಗೆ ಶಿಕ್ಷಣದಿಂದ ಏನಾದರೂ ಪ್ರಯೋಜನ ಆಗುತ್ತಿದ್ದರೆ ಸಾಕು, ಅವಳ ಶಕ್ತಿಯ ತುದಿಯವರೆಗೆ ಕೊಂಡೊಯ್ಯುವ ಹೊಣೆ ಶಾಲೆಗಿಲ್ಲ ಎಂಬುದು ಬಹುಮತದ ಸಾರಾಂಶ. ನನ್ನ ಅಭಿಪ್ರಾಯದಲ್ಲಿ ಆ ಮೂವರೇ ಸರಿ. ಕೇಳುವ ಮಗುವಿಗೆ ನಾವು ಪಾಠದ 59 ಭಾಗವನ್ನು ಓದಿ 41 ಭಾಗವನ್ನು ನುಂಗಿಕೊಂಡರೆ ಯಾವ ತಂದೆ ಸುಮ್ಮನಿದ್ದಾನು? ರೌಲಿ ಕುಟುಂಬ ಮುಂದೆ ನ್ಯೂಜೆರ್ಸಿಗೆ ಮನೆ ಬದಲಾಯಿಸಿತು. ಏಮಿ ದೊಡ್ಡವಳಾಗಿ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಸಂಜ್ಞಾ ಭಾಷೆಯ ಪ್ರಾಧ್ಯಾಪಕಿಯಾದಳು.

1975ರ ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು. ಸಾಧ್ಯವಾದಷ್ಟೂ ಇತರ ಮಕ್ಕಳ ಜೊತೆಯಲ್ಲೇ, ಕಡಿಮೆ ನಿರ್ಬಂಧದ ಪರಿಸರದಲ್ಲಿ ಕಲಿಸಬೇಕು ಎಂದು. ಗಾಲಿಕುರ್ಚಿಯ ಮಗುವಿಗೆ ಇದು ವರದಾನ. ಆದರೆ ಆರುನೂರು ಕೇಳುವ ಮಕ್ಕಳ ನಡುವೆ ಒಬ್ಬಳೇ ಕಿವುಡ ಹುಡುಗಿ? ಪಾಠದ ಹೊತ್ತಿನಲ್ಲಿ ದುಭಾಷಿ ಇದ್ದಾಳು. ಊಟದ ಬಿಡುವಿನಲ್ಲಿ, ಗೆಳತಿಯರ ಪಿಸುಮಾತಿನಲ್ಲಿ, ಬಸ್ಸಿನಲ್ಲಿ? 1988ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗೆ ವರದಿ ಕೊಟ್ಟ ಆಯೋಗವು ಕಿವುಡರ ಶಿಕ್ಷಣದ ಸ್ಥಿತಿ ತೃಪ್ತಿಕರವಲ್ಲವೆಂದು ನೇರವಾಗಿ ಹೇಳಿತು, ಈ ನಿಯಮದ ತಪ್ಪು ಬಳಕೆಯನ್ನೂ ಎತ್ತಿ ತೋರಿಸಿತು. ಮರು ತಿಂಗಳೇ ಗ್ಯಾಲೊಡೆಟ್ ವಿಶ್ವವಿದ್ಯಾಲಯಕ್ಕೆ ಮತ್ತೊಮ್ಮೆ ಕೇಳುವ ಅಧ್ಯಕ್ಷರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕುಳಿತರು. ಒಂದೇ ವಾರದಲ್ಲಿ ಕಿವುಡರಾದ ಕಿಂಗ್ ಜೋರ್ಡನ್ ಅಧ್ಯಕ್ಷರಾದರು. 1997ರ ತಿದ್ದುಪಡಿಯಲ್ಲಿ, ಕಿವುಡ ಮಗುವಿನ ಯೋಜನೆ ಬರೆಯುವಾಗ ಅದರ ಭಾಷೆಯನ್ನೂ, ಅದೇ ಭಾಷೆಯಲ್ಲಿ ಗೆಳೆಯರೊಂದಿಗೆ ಶಿಕ್ಷಕರೊಂದಿಗೆ ನೇರ ಮಾತಾಡುವ ಅವಕಾಶವನ್ನೂ ಪರಿಗಣಿಸಲೇಬೇಕೆಂದು ಸೇರಿಸಲಾಯಿತು. 2010ರ ಜುಲೈಯಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಅಂತರರಾಷ್ಟ್ರೀಯ ಸಮ್ಮೇಳನ, ನೂರ ಮೂವತ್ತು ವರ್ಷಗಳ ನಂತರ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು.

ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಮಿಗೆಲ್ ಪೆರೆಸ್ ಎಂಬ ಹುಡುಗ ಒಂಬತ್ತನೆಯ ವಯಸ್ಸಿನಲ್ಲಿ ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದು ಮಿಷಿಗನ್ ರಾಜ್ಯದ ಸ್ಟರ್ಜಿಸ್ ಪಟ್ಟಣದ ಸರ್ಕಾರಿ ಶಾಲೆಗೆ ಸೇರಿದ. ಕಿವುಡ. ಶಾಲೆ ಅವನ ಪಕ್ಕದಲ್ಲಿ ಒಬ್ಬ ಸಹಾಯಕಿಯನ್ನು ಕೂರಿಸಿತು. ಅವರಿಗೆ ಸಂಜ್ಞಾ ಭಾಷೆಯ ಅರ್ಹತೆ ಇರಲಿಲ್ಲ. ಕೆಲವು ದಿನ ಗಂಟೆಗಟ್ಟಲೆ ಅವರೂ ಇರುತ್ತಿರಲಿಲ್ಲ. ಆದರೂ ಅಂಕಪಟ್ಟಿಯಲ್ಲಿ ಒಳ್ಳೆಯ ಅಂಕಗಳು ಬರುತ್ತಿದ್ದವು, ವರ್ಷ ವರ್ಷ ಮೇಲಿನ ತರಗತಿಗೆ ಹಾಕುತ್ತಿದ್ದರು. ಮನೆಯವರು ನಂಬಿದರು. ಶಾಲೆ ಮುಗಿಯಲು ಕೆಲವೇ ತಿಂಗಳಿರುವಾಗ, ಇವನಿಗೆ ಡಿಪ್ಲೊಮಾ ಕೊಡಲಾಗದು ಎಂದರು. ಆಗ ಹುಡುಗನಿಗೆ ಇಪ್ಪತ್ತು ವರ್ಷ.

ಈ ಮೊಕದ್ದಮೆಯೂ ಸುಪ್ರೀಂ ಕೋರ್ಟಿಗೆ ಹೋಯಿತು. ಶಾಲೆಯೊಂದಿಗೆ ರಾಜಿಯಾಗಿದೆ, ಇನ್ನು ನಷ್ಟಪರಿಹಾರ ಕೇಳುವಂತಿಲ್ಲ ಎಂದಿದ್ದ ಕೆಳಗಿನ ತೀರ್ಪುಗಳನ್ನು 2023ರ ಮಾರ್ಚ್ 21ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತಳ್ಳಿಹಾಕಿ, ಬೇರೊಂದು ಕಾಯಿದೆಯಡಿ ಪರಿಹಾರ ಕೇಳುವ ಹಕ್ಕು ಅವನಿಗಿದೆ ಎಂದರು. ಪತ್ರಿಕೆಗಳಲ್ಲಿ ಬಂದದ್ದು ಈ ಸುದ್ದಿ. ನನ್ನ ಮನಸ್ಸು ನಿಂತದ್ದು ಅದಕ್ಕಿಂತ ಮೊದಲೇ ಆಗಿದ್ದ ಆ ರಾಜಿಯ ಷರತ್ತುಗಳ ಮೇಲೆ. ಮಿಗೆಲ್‌ನನ್ನು ಮಿಷಿಗನ್ ರಾಜ್ಯದ ಕಿವುಡರ ಶಾಲೆಗೆ ಕಳುಹಿಸಿ ಓದಿಸುವ ಖರ್ಚನ್ನು ಸ್ಟರ್ಜಿಸ್ ಶಾಲೆ ಕೊಡಬೇಕು. ಹಾರ್ಟ್‌ಫರ್ಡಿನ ಹಿಂದೆ ಹತ್ತೊಂಬತ್ತನೆಯ ಶತಮಾನದಲ್ಲೇ ಹುಟ್ಟಿಕೊಂಡ ಹಳೆಯ ಶಾಲೆಗಳಲ್ಲಿ ಅದೂ ಒಂದು. ಜೊತೆಗೆ ಸಂಜ್ಞಾ ಭಾಷೆ ಕಲಿಸುವ ಖರ್ಚನ್ನೂ ಕೊಡಬೇಕು, ಅವನಿಗೊಬ್ಬನಿಗೇ ಅಲ್ಲ, ಅವನ ಮನೆಯವರಿಗೂ.